ಲ್ಯಾಬಿನ ಡೆಬಿಯನ್‌ಗೆ ಸ್ಟೇಬಲ್ ಸಾಕಾ, ಟೆಸ್ಟಿಂಗ್ ಬೇಕಾ?

ಪ್ರಶ್ನೆ: ಸರ್, ನಾನು ಹಾಸನದ ಹತ್ತಿರ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 30 ಡೆಸ್ಕ್‌ಟಾಪ್, ಒಂದು ಸರ್ವರ್, ಎಲ್ಲದರಲ್ಲೂ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಮಕ್ಕಳು ತಮ್ಮ ಪ್ರೋಗ್ರಾಮುಗಳನ್ನು ಸಬ್‌ಮಿಟ್ ಮಾಡುವುದು ಆ ಸರ್ವರಿಗೇ. 2025ರ ಜುಲೈನಲ್ಲಿ ಪೈಥಾನ್ 3.13 ಬೇಕಾಯಿತು. ನಾವು ಬಳಸುವ ‘ಸ್ಟೇಬಲ್’ ಶಾಖೆಯಲ್ಲಿ 3.11 ಮಾತ್ರ ಇತ್ತು. ಒಂದು ವಿಡಿಯೋ ನೋಡಿಕೊಂಡು ಸರ್ವರಿನಲ್ಲಿ, ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ಫೈಲಿಗೆ ‘ಟೆಸ್ಟಿಂಗ್’ ಎಂದು ಒಂದು ಸಾಲು ಸೇರಿಸಿ ಇನ್‌ಸ್ಟಾಲ್ ಮಾಡಿದೆ. ‘38 ಪ್ಯಾಕೇಜು ತೆಗೆಯುತ್ತೇನೆ, ಆಗಬಹುದಾ’ ಎಂದು ಕೇಳಿತು. ವೈ ಒತ್ತಿಬಿಟ್ಟೆ. ಸಬ್‌ಮಿಶನ್ ಪುಟ ನಿಂತೇ ಹೋಯಿತು. ಹೇಗೋ ಎರಡು ದಿನ ಕೂತು ಸರಿ ಮಾಡಿದೆ. ಆ ಸಾಲು ಇನ್ನೂ ಹಾಗೇ ಇದೆ. ಹೆದರಿಕೆಯಿಂದ ಆಮೇಲೆ ಸರ್ವರನ್ನು ಅಪ್‌ಡೇಟ್ ಮಾಡೇ ಇಲ್ಲ. ಈಗ ಸೆಕ್ಯುರಿಟಿ ಸ್ಕ್ಯಾನ್ ವರದಿಯಲ್ಲಿ ನಮ್ಮ ಡೆಸ್ಕ್‌ಟಾಪುಗಳ ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಫ್ಟ್‌ವೇರ್) 9.2 ಹಳೆಯದು, ಅಪಾಯಕಾರಿ ಎಂದು ಕೆಂಪು ಬಣ್ಣದಲ್ಲಿ ಬಂದಿದೆ. ಸಹೋದ್ಯೋಗಿಯೊಬ್ಬರು ‘ಸ್ಟೇಬಲ್ ಅಂದರೆ ಹಳೇ ಸರಕು, ಎಲ್ಲವನ್ನೂ ಟೆಸ್ಟಿಂಗ್‌ಗೆ ಹಾಕಿ’ ಎನ್ನುತ್ತಾರೆ. ನಿಜಕ್ಕೂ ಒಂದು ಪ್ಯಾಕೇಜು ಸ್ಟೇಬಲ್ ಎಂದು ಯಾರು, ಯಾವ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ? ನಾನೇನು ಮಾಡಲಿ?

ಉತ್ತರ: ಮೇಡಂ, ಮೊದಲು ಒಂದು ಕೆಲಸ. ಇದನ್ನು ಓದಿ ಮುಗಿಸುವ ಮುಂಚೆಯೇ ಸರ್ವರಿಗೆ ಹೋಗಿ ಆ ‘ಟೆಸ್ಟಿಂಗ್’ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು (#) ಹಾಕಿ ಬನ್ನಿ. ಅಪ್‌ಡೇಟ್ ಮಾಡಬೇಡಿ, ಸಾಲು ಮಾತ್ರ ಮುಚ್ಚಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಟ್ಟಿಗೆ ಗಂಟು ಬಿದ್ದಿವೆ. ಸ್ಟೇಬಲ್ ಹಳತು, ಹಾಗಾಗಿ ಅಪಾಯ ಎನ್ನುವುದು ಒಂದು. ಟೆಸ್ಟಿಂಗ್ ಅಂದರೆ ಚೆನ್ನಾಗಿ ಟೆಸ್ಟ್ ಆಗಿರುವ ಹೊಸ ಸರಕು ಎನ್ನುವುದು ಇನ್ನೊಂದು. ಎರಡರಿಂದಲೂ ಬೇಕಾದಷ್ಟು ಎತ್ತಿಕೊಂಡು ಕಲಸಬಹುದು ಎನ್ನುವುದು ಮೂರನೆಯದು. ಮೊದಲೆರಡು ಅರ್ಧ ಸತ್ಯ. ಮೂರನೆಯದೇ ನಿಮ್ಮ ಸಬ್‌ಮಿಶನ್ ಪುಟವನ್ನು ಮಲಗಿಸಿದ್ದು.

‘ಸ್ಟೇಬಲ್’ ಎನ್ನುವ ಪದವೇ ಜನರನ್ನು ದಾರಿ ತಪ್ಪಿಸುತ್ತದೆ. ಕೇಳಿದವರಿಗೆ ‘ಇದು ಕೆಡುವುದಿಲ್ಲ’ ಎಂದು ಅನಿಸುತ್ತದೆ. ಡೆಬಿಯನ್‌ನವರ ಲೆಕ್ಕದಲ್ಲಿ ಅದರ ಅರ್ಥ ‘ಇದು ಕದಲುವುದಿಲ್ಲ’ ಎಂದು. ನಮ್ಮಲ್ಲಿ ಪಠ್ಯಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ಏನು ಮಾಡುತ್ತಾರೆ? ಇಡೀ ಪುಸ್ತಕ ಮತ್ತೆ ಬರೆಯುವುದಿಲ್ಲ, ಒಂದು ಒಪ್ಪೋಲೆ ಅಂಟಿಸುತ್ತಾರೆ. ಪುಟಸಂಖ್ಯೆ ಬದಲಾಗುವುದಿಲ್ಲ, ಪಾಠದ ಕ್ರಮ ಬದಲಾಗುವುದಿಲ್ಲ. ಮೇಷ್ಟರು ‘47ನೇ ಪುಟ ತೆಗೀರಿ’ ಎಂದರೆ ಎಲ್ಲರಿಗೂ ಅದೇ ಪುಟ ಸಿಗುತ್ತದೆ. ಸ್ಟೇಬಲ್ ಕೆಲಸ ಮಾಡುವುದು ಹಾಗೆ. ಡೆಬಿಯನ್ 12, ಅಂದರೆ ಬುಕ್‌ವರ್ಮ್, ಬಂದದ್ದು 2023ರ ಜೂನ್ 10ರಂದು. ಅವತ್ತು ಅದರಲ್ಲಿದ್ದ ಪೈಥಾನ್ 3.11. ಇವತ್ತೂ ಅದೇ 3.11. ನಡುವೆ ಬಂದದ್ದೆಲ್ಲ ಒಪ್ಪೋಲೆಗಳು. ಆ ಪೈಥಾನಿನಲ್ಲಿ ತಿಂಗಳಿಗೊಮ್ಮೆ ಬೇಸರ ತರಿಸುವ ಒಂದು ಬಗ್ ಇದ್ದರೆ ಅದೂ ಅಲ್ಲೇ ಉಳಿದಿರಬಹುದು. ಸೆಕ್ಯುರಿಟಿ ತೊಂದರೆ ಅಥವಾ ಭಾರೀ ತೊಂದರೆ ಅಲ್ಲದಿದ್ದರೆ ಸ್ಟೇಬಲ್‌ನಲ್ಲಿ ಸುಮ್ನೆ ಕೈ ಹಾಕುವುದಿಲ್ಲ. ಕೆಲವು ಅಪವಾದಗಳಿವೆ. ಫೈರ್‌ಫಾಕ್ಸ್, ಕ್ರೋಮಿಯಂ ಥರದ ಬ್ರೌಸರುಗಳಿಗೆ ಒಪ್ಪೋಲೆ ಅಂಟಿಸುತ್ತಾ ಕೂರಲು ಆಗದು, ಹೊಸ ಆವೃತ್ತಿಯನ್ನೇ ಕೊಡುತ್ತಾರೆ.

ಇನ್ನು ಟೆಸ್ಟಿಂಗ್. ಇದರ ನಿಯಮ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡೆಬಿಯನ್‌ನಲ್ಲಿ ಮೇಂಟೇನರ್, ಅಂದರೆ ಪ್ಯಾಕೇಜಿನ ಹೊಣೆ ಹೊತ್ತವರು, ಹೊಸ ಪ್ಯಾಕೇಜು ಕಳಿಸಿದಾಗ ಅದು ಮೊದಲು ಬೀಳುವುದು ಅನ್‌ಸ್ಟೇಬಲ್‌ಗೆ. ಅದಕ್ಕೆ ಸಿಡ್ ಎಂದು ಕಾಯಂ ಹೆಸರು. ಟಾಯ್ ಸ್ಟೋರಿ ಸಿನಿಮಾದಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ ಅವನು. ಅಲ್ಲಿಂದ ಟೆಸ್ಟಿಂಗ್‌ಗೆ ಪ್ಯಾಕೇಜನ್ನು ದಾಟಿಸುವುದು ಮನುಷ್ಯರಲ್ಲ, ಬ್ರಿಟ್ನಿ ಎನ್ನುವ ಒಂದು ಪ್ರೋಗ್ರಾಂ. ಅದು ದಿನಕ್ಕೆ ಹಲವು ಸಲ ಓಡಿ, ಪ್ರತಿ ಪ್ಯಾಕೇಜಿಗೂ ಕೆಲವು ಪ್ರಶ್ನೆ ಕೇಳುತ್ತದೆ. ಅನ್‌ಸ್ಟೇಬಲ್‌ನಲ್ಲಿ ಸಾಕಷ್ಟು ದಿನ ಕೂತಿದ್ದೀಯಾ? ಮೇಂಟೇನರ್ ತುರ್ತು ‘ಲೋ’ ಎಂದು ಬರೆದಿದ್ದರೆ 10 ದಿನ, ‘ಮೀಡಿಯಂ’ ಆದರೆ 5, ‘ಹೈ’ ಆದರೆ 2. ಹಿಂದೆ ಯಾವ ಯಾವ ಪ್ರೊಸೆಸರಿಗೆ ಬಿಲ್ಡ್ ಆಗಿತ್ತೋ (ಸೋರ್ಸ್ ಕೋಡಿನಿಂದ ಓಡುವ ರೂಪಕ್ಕೆ ಬಂದಿತ್ತೋ) ಅಲ್ಲೆಲ್ಲ ಈಗಲೂ ಬಿಲ್ಡ್ ಆಗಿದೆಯಾ? ಟೆಸ್ಟಿಂಗ್‌ನಲ್ಲಿ ಈಗಾಗಲೇ ಇರುವ ಆವೃತ್ತಿಗೆ ಇಲ್ಲದ ಹೊಸ ಭಾರೀ ಬಗ್ ನಿನ್ನ ಮೇಲೆ ದಾಖಲಾಗಿದೆಯಾ? ಭಾರೀ ಬಗ್ ಅಂದರೆ ಕ್ರಿಟಿಕಲ್, ಗ್ರೇವ್, ಸೀರಿಯಸ್ ಎಂಬ ಮೂರು ದರ್ಜೆಯವು. ಪ್ಯಾಕೇಜಿಂಗ್ ನಿಯಮವನ್ನು ಗಂಭೀರವಾಗಿ ಮುರಿದರೂ ಸಾಕು, ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿದ್ದರೂ ಸೀರಿಯಸ್ ದರ್ಜೆ ಬೀಳುತ್ತದೆ. ಕೊನೆಗೆ ಒಂದು ಪ್ರಶ್ನೆ, ಇದೇ ಮುಖ್ಯ: ನೀನು ಒಳಗೆ ಬಂದರೆ ಅಲ್ಲಿ ಈಗಾಗಲೇ ಇರುವ ಯಾವ ಪ್ಯಾಕೇಜಾದರೂ ಇನ್‌ಸ್ಟಾಲ್ ಆಗದಂತೆ ಆಗುತ್ತದಾ?

ನೋಡಿ, ಈ ಪ್ರಶ್ನೆಗಳಲ್ಲಿ ‘ನೀನು ಒಳ್ಳೆಯ ಪ್ರೋಗ್ರಾಮಾ’ ಎಂದು ಎಲ್ಲೂ ಇಲ್ಲ. ಪ್ಯಾಕೇಜಿನ ಜತೆ ಬಂದ ಸ್ವಯಂ ಪರೀಕ್ಷೆಗಳನ್ನು ಓಡಿಸುತ್ತಾರೆ, ಹೊಸದಾಗಿ ಫೇಲಾದರೆ ತಡೆಯುತ್ತಾರೆ ನಿಜ. ಆದರೆ ಒಟ್ಟಾರೆ ಟೆಸ್ಟಿಂಗ್ ಕೊಡುವ ಭರವಸೆ ಇಷ್ಟೇ: ಐದು ದಿನ ಯಾರೂ ದೊಡ್ಡ ದೂರು ಕೊಟ್ಟಿಲ್ಲ, ನೆರೆಹೊರೆಯವರಿಗೆ ತೊಂದರೆ ಇಲ್ಲ. ಮದುವೆ ಮನೆಯ ಅಡುಗೆ ಕೋಣೆ ಇದ್ದಂತೆ ಅದು. ಎಲೆ ಹಾಕುವ ಹೊತ್ತಿಗೆ ಎಲ್ಲ ಸರಿಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಹೋಗಿ ರುಚಿ ನೋಡಿದರೆ ಸಾರಿಗೆ ಉಪ್ಪು ಬಿದ್ದಿರುವುದಿಲ್ಲ.

ಈ ಕೋಣೆ ಮೊದಲು ಇರಲಿಲ್ಲ. ಬಿಡುಗಡೆಯ ಸಮಯ ಬಂದಾಗ ಅನ್‌ಸ್ಟೇಬಲನ್ನೇ ಹೆಪ್ಪುಗಟ್ಟಿಸಿ, ಅದರೊಳಗಿನ ಬಗ್ ಹೆಕ್ಕುತ್ತಾ ತಿಂಗಳುಗಟ್ಟಲೆ ಕೂರುತ್ತಿದ್ದರು. 2000ರ ಕೊನೆಯಲ್ಲಿ ಟೆಸ್ಟಿಂಗ್ ಬಂತು. ಅದರ ಮೂಲಕ ಹಾದು ಬಂದ ಮೊದಲ ಬಿಡುಗಡೆ 2002ರ ಜುಲೈನ ವುಡಿ. ಅಂದರೆ ಟೆಸ್ಟಿಂಗ್ ಹುಟ್ಟಿದ್ದೇ ಮುಂದಿನ ಸ್ಟೇಬಲ್‌ಗಾಗಿ. ಬಳಸುವವರಿಗೆ ಹೊಸ ಸರಕು ಕೊಡಲು ಅಲ್ಲ. ಬಿಡುಗಡೆ ಹತ್ತಿರವಾದಂತೆ ಬಾಗಿಲು ಹಂತ ಹಂತವಾಗಿ ಮುಚ್ಚುತ್ತಾರೆ, ಅದೇ ಫ್ರೀಜ್. ಡೆಬಿಯನ್ 13ಕ್ಕೆ 2025ರ ಮಾರ್ಚ್‌ನಲ್ಲಿ ಶುರುವಾಯಿತು. ಕೊನೆಕೊನೆಗೆ ಬಿಡುಗಡೆ ತಂಡದವರು ಒಂದೊಂದು ಬದಲಾವಣೆಯನ್ನೂ ಕಣ್ಣಾರೆ ನೋಡಿ ಒಪ್ಪಿಗೆ ಕೊಡುತ್ತಾರೆ. ‘ಯಾರು ತೀರ್ಮಾನಿಸುತ್ತಾರೆ’ ಎಂದು ಕೇಳಿದ್ದಿರಲ್ಲ, ಅದಕ್ಕೆ ಉತ್ತರ ಇದು. ಅಲ್ಲಿಯವರೆಗೆ ನಿಯಮ, ಅಲ್ಲಿಂದ ಮುಂದೆ ಮನುಷ್ಯರು. ಮತ್ತೆ ಅವರು ತೀರ್ಮಾನಿಸುವುದು ಬಿಡಿ ಪ್ಯಾಕೇಜನ್ನಲ್ಲ, ಇಡೀ ಗುಂಪನ್ನು.

ನಿಯಮದಿಂದ ಏನು ಹಿಡಿಯಲು ಆಗುವುದಿಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ನಿಮಗೂ ನೆನಪಿರಬಹುದು. 2024ರ ಮಾರ್ಚ್ 29. ಎಕ್ಸ್‌ಜೆಡ್ ಎನ್ನುವ ಕಂಪ್ರೆಷನ್ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದು ಬಯಲಾಯಿತು. ಕಂಡುಹಿಡಿದವರು ಆಂಡ್ರೆಸ್ ಫ್ರಾಯಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಅನುಮಾನ ಬಂದು ಅಗೆದರು. ಅವರ ಕೈಯಲ್ಲಿದ್ದದ್ದು ಸಿಡ್ ಯಂತ್ರ. ಆ ಹೊತ್ತಿಗೆ ಆ ಪ್ಯಾಕೇಜು ಬ್ರಿಟ್ನಿಯ ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರ ಹೇಳಿ ಟೆಸ್ಟಿಂಗ್‌ಗೂ ಬಂದು ಕೂತಿತ್ತು. ಸ್ಟೇಬಲ್‌ನಲ್ಲಿ ಇದ್ದದ್ದು 5.4.1. ಅದಕ್ಕೆ ಏನೂ ಆಗಿರಲಿಲ್ಲ. ಇದು ಸ್ಟೇಬಲ್‌ನವರ ಜಾಣತನ ಅಂತ ನಾನು ಹೇಳುವುದಿಲ್ಲ. ನಿಧಾನ ಇದ್ದದ್ದು ಕಾಪಾಡಿತು ಅಷ್ಟೆ. ಬಿಡುಗಡೆಯ ವರ್ಷವಾಗಿದ್ದರೆ ಕಥೆ ಬೇರೆ ಆಗಬಹುದಿತ್ತು.

ಆ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಸಣ್ಣ ಸಂಗತಿ ಬೇರೆ ಇದೆ. ಕೆಟ್ಟ ಪ್ಯಾಕೇಜನ್ನು ವಾಪಸ್ ತೆಗೆಯಲು ಡೆಬಿಯನ್‌ನವರು ಹಳೇ 5.4.5ನ್ನು ಕಳಿಸಿದರು. ಆದರೆ ಅದಕ್ಕೆ ಕೊಟ್ಟ ಸಂಖ್ಯೆ ಏನು ಗೊತ್ತಾ? 5.6.1+ರಿಯಲಿ5.4.5-1. ‘ಹೆಸರಿಗೆ 5.6.1, ನಿಜವಾಗಿ 5.4.5’ ಎಂದು. ಯಾಕೆಂದರೆ ಪ್ಯಾಕೇಜು ಹಾಕುವ, ತೆಗೆಯುವ ಆಪ್ಟ್ ಎಂಬ ಪ್ರೋಗ್ರಾಂ ಹಿಂದಕ್ಕೆ ನಡೆಯುವುದಿಲ್ಲ. ಸಂಖ್ಯೆ ದೊಡ್ಡದಾದರೆ ಮಾತ್ರ ಮುಂದೆ ಹೆಜ್ಜೆ. ಹಾಗಾಗಿ ಹಿಂದೆ ಹೋಗಬೇಕಾದರೂ ಮುಂದೆ ಹೋದ ಹಾಗೆ ನಾಟಕ ಆಡಬೇಕು.

ಈಗ ನಿಮ್ಮ ಸರ್ವರಿಗೆ ಬರೋಣ. ನೀವು ಆ ಒಂದು ಸಾಲು ಸೇರಿಸಿದಾಗ ಆಪ್ಟ್‌ಗೆ ಏನು ಕಾಣಿಸಿತು? ಬೇರೆ ಏನೂ ಹೇಳದಿದ್ದರೆ ಸ್ಟೇಬಲ್‌ಗೂ ಟೆಸ್ಟಿಂಗ್‌ಗೂ ಅದು ಕೊಡುವ ಆದ್ಯತೆ ಒಂದೇ, 500. ಇಬ್ಬರೂ ಸಮ. ಆಗ ಆವೃತ್ತಿ ಸಂಖ್ಯೆ ದೊಡ್ಡದು ಇದ್ದವನೇ ಗೆಲ್ಲುವುದು, ಅಂದರೆ ಪ್ರತಿ ಸಲವೂ ಟೆಸ್ಟಿಂಗ್. ನೀವು ಕೇಳಿದ್ದು ಪೈಥಾನ್ ಒಂದೇ. ಆದರೆ ಆ ಪೈಥಾನ್ ಬಿಲ್ಡ್ ಆದದ್ದು ಹೊಸ ಸಿ ಲೈಬ್ರರಿಯ ಮೇಲೆ. ಬುಕ್‌ವರ್ಮ್‌ನಲ್ಲಿದ್ದದ್ದು 2.36, ಟೆಸ್ಟಿಂಗ್‌ನಲ್ಲಿ 2.41. ಯಂತ್ರದ ಬಹುತೇಕ ಎಲ್ಲವೂ ನಿಂತಿರುವ ಅಡಿಪಾಯ ಅದು, ಅದೇ ಬದಲಾಯಿತು. ಇನ್ನೊಂದು ಕಡೆ, ಬುಕ್‌ವರ್ಮ್‌ನ ಎಷ್ಟೋ ಪೈಥಾನ್ ಮಾಡ್ಯೂಲುಗಳು ‘ನನಗೆ 3.11 ಇರಬೇಕು, 3.12ಕ್ಕಿಂತ ಕೆಳಗಿರಬೇಕು’ ಎಂದು ತಮ್ಮ ಪ್ಯಾಕೇಜಿನಲ್ಲೇ ಬರೆದುಕೊಂಡಿರುತ್ತವೆ. 3.13 ಬಂದ ತಕ್ಷಣ ಅವಕ್ಕೆ ಜಾಗ ಇಲ್ಲ. ಆ 38 ಪ್ಯಾಕೇಜು ಹೋದದ್ದು ಹೀಗೆ. ಆಪ್ಟ್ ತಪ್ಪು ಮಾಡಲಿಲ್ಲ. ಕೇಳಿಯೇ ತೆಗೆಯಿತು.

ವೈ ಒತ್ತಿದ್ದಕ್ಕೆ ನಾಚಿಕೆ ಬೇಡ. 2024ರ ಬೇಸಿಗೆಯಲ್ಲಿ ನಾನೂ ಒತ್ತಿದ್ದೇನೆ, ನನ್ನದೇ ಲ್ಯಾಪ್‌ಟಾಪಿನಲ್ಲಿ. 2038ರ ಜನವರಿ 19ಕ್ಕೆ 32 ಬಿಟ್ ಗಡಿಯಾರ ಉಕ್ಕಿ ಹರಿಯುತ್ತದೆ, ಅದಕ್ಕೆ ಮುಂಚೆಯೇ ಸರಿ ಮಾಡಬೇಕು ಎಂದು ಡೆಬಿಯನ್‌ನಲ್ಲಿ ನೂರಾರು ಲೈಬ್ರರಿಗಳ ಹೆಸರಿನ ಬಾಲಕ್ಕೆ ‘ಟಿ64’ ಎಂದು ಸೇರಿಸುತ್ತಿದ್ದ ಕಾಲ. ಅರ್ಧ ಲೈಬ್ರರಿ ಹೊಸ ಹೆಸರಿನಲ್ಲಿ, ಅರ್ಧ ಹಳೆ ಹೆಸರಿನಲ್ಲಿ. ಕಾಫಿ ಕುಡಿಯುತ್ತಾ, ಪಟ್ಟಿ ಓದದೆ ವೈ ಒತ್ತಿದೆ. ಮುಂದಿನ ಸಲ ಬೂಟ್ ಆದಾಗ ಕಪ್ಪು ಪರದೆ, ಮೇಲೆ ಲಾಗಿನ್ ಎಂದು ಒಂದು ಸಾಲು. ಡೆಸ್ಕ್‌ಟಾಪ್ ಪೂರ್ತಿ ಮಾಯ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನ ಗತಿ ಇದು.

ನಿಮ್ಮ ಸಹೋದ್ಯೋಗಿಯ ಬಗ್ಗೆ ಒಂದು ಊಹೆ. ಅವರು ಜೆಂಟೂ ಎಂಬ ಇನ್ನೊಂದು ಲಿನಕ್ಸ್ ಬಳಸಿದವರಿರಬಹುದು. ಅಲ್ಲಿ ಸ್ಟೇಬಲ್, ಟೆಸ್ಟಿಂಗ್ ಎನ್ನುವುದು ಬಿಡಿ ಬಿಡಿ ಪ್ಯಾಕೇಜಿನ ಮೇಲಿನ ಚೀಟಿ. ಪ್ರೊಸೆಸರ್ ಹೆಸರಿನ ಹಿಂದೆ ಒಂದು ಟಿಲ್ಡೆ ಗೆರೆ (~) ಇದ್ದರೆ ಟೆಸ್ಟಿಂಗ್. ಸಾಮಾನ್ಯವಾಗಿ 30 ದಿನ ದೊಡ್ಡ ದೂರಿಲ್ಲದೆ ಕಳೆದರೆ, ಆ ಪ್ರೊಸೆಸರಿನಲ್ಲಿ ಪರೀಕ್ಷಿಸಿ ಗೆರೆ ಅಳಿಸುತ್ತಾರೆ. ಅಲ್ಲಿ ಪ್ಯಾಕೇಜುಗಳು ನಿಮ್ಮ ಯಂತ್ರದಲ್ಲೇ, ನಿಮ್ಮಲ್ಲಿರುವ ಲೈಬ್ರರಿಗೆ ತಕ್ಕಂತೆ ಕಂಪೈಲ್ ಆಗುವುದರಿಂದ ಒಂದೆರಡನ್ನು ಟೆಸ್ಟಿಂಗ್‌ನಿಂದ ತಂದರೂ ನಡೆಯುತ್ತದೆ. ಡೆಬಿಯನ್‌ನಲ್ಲಿ ಬರುವುದು ಮೊದಲೇ ಬಿಲ್ಡ್ ಆದ ಸರಕು. ಅದೇ ಹೆಸರು, ಬೇರೆ ಅರ್ಥ. ಅವರ ಅನುಭವ ಸುಳ್ಳಲ್ಲ, ಊರು ಬೇರೆ.

ಈಗ ಸ್ಕ್ಯಾನ್ ವರದಿ. ಆ ಕೆಂಪು ಬಣ್ಣಕ್ಕೆ ಹೆದರಬೇಡಿ, ಆದರೆ ಬಿಸಾಡಲೂ ಬೇಡಿ. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2024ರ ಜುಲೈ 1ರಂದು ಒಂದು ದೊಡ್ಡ ತೂತು ಹೊರಬಿತ್ತು. ಮೂಲ ತಯಾರಕರು ಅದನ್ನು ಮುಚ್ಚಿದ್ದು 9.8ರಲ್ಲಿ. ಬುಕ್‌ವರ್ಮ್‌ನಲ್ಲಿ ಇರುವುದು 9.2. ಡೆಬಿಯನ್‌ನವರು 9.8 ತರಲಿಲ್ಲ. ತೂತು ಮುಚ್ಚುವ ತೇಪೆಯನ್ನು ಮಾತ್ರ 9.2ಕ್ಕೆ ಹೊಲಿದು, ಬಾಲದಲ್ಲಿ ‘ಡೆಬ್12ಯು3’ ಎಂದು ಬರೆದರು. ಎಷ್ಟೋ ಸ್ಕ್ಯಾನರುಗಳು ಮುಂದಿನ 9.2ನ್ನು ಓದುತ್ತವೆ, ಬಾಲವನ್ನು ಓದುವುದಿಲ್ಲ. ನಿಮ್ಮ ಡೆಸ್ಕ್‌ಟಾಪುಗಳಲ್ಲಿ ಆ ಬಾಲ ‘ಯು3’ ಅಥವಾ ಅದಕ್ಕಿಂತ ಮುಂದಿನದಿದ್ದರೆ ಆ ತೂತು ಮುಚ್ಚಿದೆ. ಪ್ರಿನ್ಸಿಪಾಲರಿಗೆ ಆ ಪೂರ್ತಿ ಸಂಖ್ಯೆಯನ್ನೇ ಬರೆದು ಕೊಡಿ. ತಮಾಷೆ ಏನೆಂದರೆ, ಅದಕ್ಕೂ ಹಿಂದಿನ ಡೆಬಿಯನ್ 11ರ ಓಪನ್‌ಎಸ್‌ಎಸ್‌ಎಚ್ 8.4ರಲ್ಲಿ ಈ ತೂತೇ ಇರಲಿಲ್ಲ, ಅದು ನುಸುಳಿದ್ದು 8.5ರಲ್ಲಿ. ಹಳತು ಅಂದ ಮಾತ್ರಕ್ಕೆ ಅಪಾಯ ಅಂತಲ್ಲ.

ಆದರೆ ಸರ್ವರ್ ವಿಷಯ ಹಾಗಲ್ಲ. ಜುಲೈನಿಂದ ಅದಕ್ಕೆ ಒಪ್ಪೋಲೆ ಒಂದೂ ಬಂದಿಲ್ಲ. ನಿಜವಾದ ಅಪಾಯ ಅಲ್ಲಿದೆ, ಡೆಸ್ಕ್‌ಟಾಪುಗಳಲ್ಲಲ್ಲ.

ಟೆಸ್ಟಿಂಗ್‌ಗೆ ಹೋದರೆ ಸೆಕ್ಯುರಿಟಿ ಜಾಸ್ತಿ ಆಗುತ್ತದಾ? ಇಲ್ಲ, ಸಾಮಾನ್ಯವಾಗಿ ಕಮ್ಮಿ. ಸ್ಟೇಬಲ್‌ಗೆ ಸೆಕ್ಯುರಿಟಿ ತಂಡ ನೇರವಾಗಿ ತೇಪೆ ಕಳಿಸುತ್ತದೆ. ಟೆಸ್ಟಿಂಗ್‌ಗೆ ಬರುವ ತೇಪೆ ಸಾಮಾನ್ಯವಾಗಿ ಅನ್‌ಸ್ಟೇಬಲ್‌ನಿಂದ ಅದೇ ಸರತಿ ಸಾಲಿನಲ್ಲೇ ಬರಬೇಕು. ಎರಡು ದಿನ ಆಗಬಹುದು. ನಡುವೆ ಯಾವುದೋ ಲೈಬ್ರರಿ ಸಿಕ್ಕಿಹಾಕಿಕೊಂಡರೆ ವಾರಗಟ್ಟಲೆ ಆಗಬಹುದು.

ಹಾಗಾದರೆ ದಾರಿ ಏನು? ನಿಮ್ಮ ಅದೃಷ್ಟ ಒಂದಿದೆ. ನೀವು ಆ ಸಾಲು ಸೇರಿಸಿದ ಜುಲೈನಲ್ಲಿ ‘ಟೆಸ್ಟಿಂಗ್’ ಅಂದರೆ ಟ್ರಿಕ್ಸಿ. ಆಗಸ್ಟ್ 9ರಂದು ಟ್ರಿಕ್ಸಿಯೇ ಡೆಬಿಯನ್ 13 ಆಗಿ, ಸ್ಟೇಬಲ್ ಆಗಿ ಹೊರಬಂತು. ಪೈಥಾನ್ 3.13 ಅದರಲ್ಲೇ ಇದೆ. ಇನ್ನು ಕೆಲವೇ ವಾರ ಕಾದಿದ್ದರೆ ಸಾಕಿತ್ತು ಎಂದು ಹೇಳಿ ಹೊಟ್ಟೆ ಉರಿಸುವುದಿಲ್ಲ. ಆದರೆ ಅದೇ ದಿನ ‘ಟೆಸ್ಟಿಂಗ್’ ಎನ್ನುವ ಹೆಸರು ಮುಂದಿನ ಡೆಬಿಯನ್ ಆಗಲಿರುವ ಫೋರ್ಕಿಗೆ ಹೋಯಿತು. ನಿಮ್ಮ ಸಾಲು ಒಂದಕ್ಷರ ಬದಲಾಗದೆ ಬೇರೆ ಊರಿಗೆ ದಾರಿ ತೋರಿಸುತ್ತಿದೆ. ಬಿಡುಗಡೆಯಾದ ಮೇಲಿನ ತಿಂಗಳುಗಳಲ್ಲಿ ಟೆಸ್ಟಿಂಗ್‌ಗೆ ಅಣೆಕಟ್ಟಿನ ಗೇಟು ತೆಗೆದ ಹಾಗೆ ಹೊಸ ಸರಕು ನುಗ್ಗುತ್ತದೆ. ಹ್ಯಾಶ್ ಹಾಕಿ ಬನ್ನಿ ಎಂದದ್ದು ಇದಕ್ಕೇ. ನೀವು ಹೆದರಿ ಅಪ್‌ಡೇಟ್ ಮಾಡದೆ ಬಿಟ್ಟದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಸರ್ವರಿನಿಂದ ಕಲಬೆರಕೆಯನ್ನು ಹಿಂದಕ್ಕೆ ಬಿಡಿಸಲು, ಅಂದರೆ ಮತ್ತೆ ಶುದ್ಧ 12 ಮಾಡಲು ಹೋಗಬೇಡಿ. ಆಪ್ಟ್ ಹಿಂದಕ್ಕೆ ನಡೆಯದು ಅಂದೆನಲ್ಲ. ಬಲವಂತ ಮಾಡಿಸಬಹುದು, ಆದರೆ ಸಿ ಲೈಬ್ರರಿಯನ್ನು ಹಿಂದಕ್ಕೆ ಎಳೆಯುವಾಗ ನಡುವೆ ಏನಾದರೂ ನಿಂತರೆ ಯಂತ್ರದಲ್ಲಿ ಒಂದು ಕಮಾಂಡೂ ಓಡದ ಸ್ಥಿತಿ ಬರಬಹುದು. ಮುಂದಕ್ಕೆ ಹೋಗಿ. ನಿಮ್ಮಲ್ಲಿ ಈಗಾಗಲೇ ಇರುವ ಹೊಸ ಪ್ಯಾಕೇಜುಗಳು ಟ್ರಿಕ್ಸಿಯವೇ ಆದ್ದರಿಂದ, ಪೂರ್ತಿ ಟ್ರಿಕ್ಸಿಗೆ ದಾಟಿದರೆ ಎಲ್ಲವೂ ಒಂದೇ ಗುಂಪಿಗೆ ಸೇರುತ್ತವೆ.

ಒಂದು ಶನಿವಾರ ಮಧ್ಯಾಹ್ನ ಇಟ್ಟುಕೊಳ್ಳಿ. ಮೊದಲು ಬ್ಯಾಕಪ್, ಡೇಟಾಬೇಸ್ ಡಂಪ್ ಪ್ರತ್ಯೇಕ ಡಿಸ್ಕಿಗೆ. ಆಮೇಲೆ ಸೋರ್ಸಸ್ ಲಿಸ್ಟಿನಲ್ಲಿ ಸ್ಟೇಬಲ್, ಟೆಸ್ಟಿಂಗ್ ಎಂಬ ಪದಗಳನ್ನೇ ಇಡಬೇಡಿ. ಟ್ರಿಕ್ಸಿ, ಟ್ರಿಕ್ಸಿ-ಸೆಕ್ಯುರಿಟಿ, ಟ್ರಿಕ್ಸಿ-ಅಪ್‌ಡೇಟ್ಸ್ ಎಂದು ಊರಿನ ಹೆಸರನ್ನೇ ಬರೆಯಿರಿ. ‘ಸ್ಟೇಬಲ್’ ಎಂದು ಬರೆದಿಟ್ಟವರು ಆಗಸ್ಟ್ 9ರ ನಂತರ ಮಾಮೂಲಿ ಅಪ್‌ಡೇಟ್ ಎಂದುಕೊಂಡು ಕೈಯಿಟ್ಟು, 13ಕ್ಕೆ ಅರ್ಧಂಬರ್ಧ ಎದ್ದು ಹೋದದ್ದನ್ನು ನೋಡಿದ್ದೇನೆ. ಮೊದಲು ಸಾದಾ ಅಪ್‌ಗ್ರೇಡ್, ಆಮೇಲೆ ಫುಲ್ ಅಪ್‌ಗ್ರೇಡ್. ತೆಗೆಯುವ ಪಟ್ಟಿ ಬಂದಾಗ ಕಾಗದದಲ್ಲಿ ಬರೆದುಕೊಂಡು ಓದಿ. ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಇದ್ದರೆ ಗಮನಿಸಿ: 12ರಲ್ಲಿ ಅದು 15, 13ರಲ್ಲಿ 17. ಹೊಸದು ಬಂದರೂ ನಿಮ್ಮ ಡೇಟಾ ತಾನಾಗಿ ಅದಕ್ಕೆ ದಾಟುವುದಿಲ್ಲ, ನೀವೇ ದಾಟಿಸಬೇಕು. ಹಳೆಯದನ್ನು ಅವಸರದಲ್ಲಿ ಅಳಿಸಬೇಡಿ.

ಡೆಸ್ಕ್‌ಟಾಪುಗಳಿಗೆ ಅವಸರ ಇಲ್ಲ. 12ಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಸೇರಿ 2028ರ ಜೂನ್ ತನಕ ಸೆಕ್ಯುರಿಟಿ ತೇಪೆ ಬರುತ್ತದೆ. ರಜೆಯಲ್ಲಿ ನಿಧಾನವಾಗಿ 13 ಹಾಕಿ. ಲ್ಯಾಬಿನ ಮೂಲೆಯಲ್ಲಿ 32 ಬಿಟ್‌ನ ಹಳೇ ಯಂತ್ರ ಇದ್ದರೆ ಮಾತ್ರ ಅದನ್ನು 12ರಲ್ಲೇ ಬಿಡಿ. 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ರೂ ಇಲ್ಲ, ಕರ್ನಲ್ಲೂ ಇಲ್ಲ.

ಮುಂದೆ ಮತ್ತೆ ಯಾವುದಾದರೂ ಒಂದು ಹೊಸದು ಬೇಕಾದಾಗ? ಮೊದಲು ಬ್ಯಾಕ್‌ಪೋರ್ಟ್ಸ್ ನೋಡಿ. ಟೆಸ್ಟಿಂಗ್‌ನ ಪ್ಯಾಕೇಜನ್ನೇ ಸ್ಟೇಬಲ್‌ನ ಅಡಿಪಾಯದ ಮೇಲೆ ಮತ್ತೆ ಬಿಲ್ಡ್ ಮಾಡಿ ಅಲ್ಲಿ ಇಟ್ಟಿರುತ್ತಾರೆ. ಅದರ ಆದ್ಯತೆ 100, ಹಾಗಾಗಿ ನೀವು ಹೆಸರು ಹಿಡಿದು ಕರೆಯದೆ ಏನೂ ಒಳಗೆ ಬರುವುದಿಲ್ಲ. ಆದರೆ ಎಲ್ಲ ಪ್ಯಾಕೇಜೂ ಅಲ್ಲಿ ಸಿಗುವುದಿಲ್ಲ, ಸೆಕ್ಯುರಿಟಿ ತೇಪೆಯೂ ಹಾಕಿದವರ ಬಿಡುವಿನ ಮೇಲೆ ನಿಂತಿರುತ್ತದೆ. ಪೈಥಾನ್ ಥರದ ಭಾಷೆಗಳಿಗೆ ಕಂಟೇನರ್ ಒಳ್ಳೆಯದು. ಮಕ್ಕಳ ಪ್ರೋಗ್ರಾಮು ಹೇಗೂ ಪ್ರತ್ಯೇಕ ಡಬ್ಬಿಯಲ್ಲೇ ಓಡಬೇಕು, ಆ ಡಬ್ಬಿಯಲ್ಲಿ ಬೇಕಾದ ಆವೃತ್ತಿ ಇಡಬಹುದು. ಆದರೆ ಡಬ್ಬಿಗೂ ಅಪ್‌ಡೇಟ್ ಬೇಕು ಎನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಪೈಥಾನ್ ಮಾಡ್ಯೂಲು ಹಾಕುವ ಪಿಪ್ ಬೈದರೆ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಹಾಕಿ ಬಾಯಿ ಮುಚ್ಚಿಸುವವರಿದ್ದಾರೆ. ಆ ಆಯ್ಕೆಯ ಹೆಸರೇ ಸತ್ಯ ಹೇಳುತ್ತಿದೆ, ನಂಬಿ.

ಟೆಸ್ಟಿಂಗ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಇವತ್ತಿಗೂ ಅದೇ ಇರುವುದು. ಕೆಟ್ಟರೆ ಹಾಳಾಗುವುದು ನನ್ನ ಒಂದು ಸಂಜೆ. ನಿಮ್ಮ ಲ್ಯಾಬಿನಲ್ಲೂ 30ರಲ್ಲಿ ಒಂದನ್ನು ಪೂರ್ತಿ ಟೆಸ್ಟಿಂಗ್‌ಗೆ ಹಾಕಿ ಆ ಸಹೋದ್ಯೋಗಿಗೇ ಕೊಡಿ. ವಾರಕ್ಕೊಮ್ಮೆ ಅಪ್‌ಡೇಟ್ ಮಾಡಲಿ, ಕೆಟ್ಟದ್ದನ್ನು ಬಗ್ ಆಗಿ ವರದಿ ಮಾಡಲಿ. ಮಕ್ಕಳಿಗೂ ಅದನ್ನು ತೋರಿಸಬಹುದು. ಕನ್ನಡ ಫಾಂಟಿನ ನೆಪ ಮಾತ್ರ ಹೇಳದಿರಲಿ, ಗುಬ್ಬಿ, ನವಿಲು ಎರಡೂ ಸ್ಟೇಬಲ್‌ನಲ್ಲೇ ಇವೆ. ಪರೀಕ್ಷೆಯ ದಿನ ಆ ಯಂತ್ರಕ್ಕೆ ಯಾರನ್ನೂ ಕೂರಿಸಬೇಡಿ.

ಶನಿವಾರ ಅಪ್‌ಗ್ರೇಡ್ ಮುಗಿದ ಮೇಲೆ ‘ಆಪ್ಟ್ ಪಾಲಿಸಿ’ ಕಮಾಂಡನ್ನು ಸಿ ಲೈಬ್ರರಿಯ ಮೇಲೆ ಒಮ್ಮೆ ಓಡಿಸಿ ನೋಡಿ. 2.41 ಎಂದು ಬಂದು, ಪಕ್ಕದಲ್ಲಿ ಟ್ರಿಕ್ಸಿ ಎಂದಿದ್ದರೆ ಸರಿಯಾಗಿದೆ. ಅದಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಯಾವಾಗಲೋ ಗೊತ್ತಿಲ್ಲದೆ ಫೋರ್ಕಿಯ ಸರಕು ಒಳಗೆ ಬಂದಿದೆ ಎಂದರ್ಥ. ಆಗ ಸರಿ ಮಾಡುತ್ತಾ ಕೂರಬೇಡಿ, ಡೇಟಾ ತೆಗೆದಿಟ್ಟುಕೊಂಡು 13ನ್ನು ಹೊಸದಾಗಿ ಹಾಕಿ. ಅರ್ಧ ದಿನದ ಕೆಲಸ ಅಷ್ಟೆ.